ಹಡಗಿನಲ್ಲಿ ಅಪ್ಪನ ಎಡೆಗೊಂದು ಬಾಟಲಿ

ಗೊಬ್ಬರದ ಅಂಗಡಿ ಇಟ್ಟವನಿಗೆ ವಾರಕ್ಕೆ ಒಂದು ಸಲವಾದರೂ ಎದೆ ಝಲ್ ಎನ್ನುವ ಪ್ರಸಂಗ ಬಂದೇ ಬರುತ್ತದೆ. ಹುಣಸೂರಿನಲ್ಲಿ ನಾನು ಅಂಗಡಿ ಬಾಗಿಲು ತೆಗೆಯುವ ಮೊದಲೇ ಯಾರೋ ಒಬ್ಬ ರೈತ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಕೈಯಲ್ಲಿ ಒಂದು ಹೊಗೆಸೊಪ್ಪಿನ ಎಲೆ, ಎಲೆಯ ಮೇಲೆ ಒಂದು ಜೀವಂತ ಹುಳ. "ನೋಡಿ ಸ್ವಾಮಿ, ನಿಮ್ಮ ಔಷ್ದಿ ಹೊಡೆದ್ಮೇಲೆ ಎಂಗೆ ಮೈಕೈ ತುಂಬ್ಕಂಡದೆ" ಎನ್ನುತ್ತಾನೆ. ಹುಳವೂ ತಲೆ ಎತ್ತಿ ನನ್ನನ್ನೇ ನೋಡುತ್ತಿರುತ್ತದೆ. ಇಂಥದ್ದನ್ನೆಲ್ಲ ನೋಡಿ ನೋಡಿ ನನ್ನ ಗುಂಡಿಗೆ ಗಟ್ಟಿಯಾಗಿದೆ ಎಂದುಕೊಂಡಿದ್ದೆ. ನಾಲ್ಕು ದಿನ ಹಡಗಿನಲ್ಲಿ ಕೂತು ಬಂದ ಮೇಲೆ ಆ ಭ್ರಮೆ ಹೋಯಿತು.

೧. ಟಾರ್ಗೆಟ್ ಮುಟ್ಟಿದ ತಪ್ಪಿಗೆ

ಒಂದು ಔಷಧಿ ಕಂಪನಿಯವರು, ಮಾರಾಟದ ಟಾರ್ಗೆಟ್ ಮುಟ್ಟಿದ ಡೀಲರುಗಳನ್ನು ಹೆಂಡತಿ ಸಮೇತ ಸಿಂಗಾಪುರಕ್ಕೆ ಕರೆದುಕೊಂಡು ಹೋಗಿ, ಅಲ್ಲಿಂದ ಹಡಗಿನಲ್ಲಿ ಸುತ್ತಾಡಿಸುತ್ತೇವೆ ಎಂದರು. ನಮ್ಮ ಕಡೆಯಿಂದ ತಾಲ್ಲೂಕಿಗೊಬ್ಬರಂತೆ ನಾಲ್ಕು ಜನ ಆರಿಸಿ ಬಂದೆವು. ಹುಣಸೂರಿನಿಂದ ನಾನು. ಕೆ.ಆರ್. ನಗರದಿಂದ ಐದು ಬೆರಳಿಗೂ ಉಂಗುರ ಹಾಕುವ, ಭತ್ತದ ಸೀಮೆಯ ದೊಡ್ಡ ಡೀಲರು. ಎಚ್.ಡಿ. ಕೋಟೆ ಕಡೆಯಿಂದ, ಅಂತರಸಂತೆಯಲ್ಲಿ ಅಂಗಡಿ ಇಟ್ಟು ಶುಂಠಿ ಬೆಳೆಗಾರರಿಗೆ ಔಷಧಿ ಮಾರುವವರು. ಪಿರಿಯಾಪಟ್ಟಣದಿಂದ ಬೀಜ, ಸ್ಪ್ರೇಯರ್ ಮಾರುವ ಸಾಹೇಬರು. ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದೇ ಇಲ್ಲ. "ಏನಪ್ಪಾ ಕೋಟೆ", "ಎಲ್ಲಪ್ಪಾ ನಗರ", "ಬಾರಪ್ಪಾ ಹುಣಸೂರು" ಎಂದರೆ ಆಯಿತು. ಸಾಹೇಬರು ಮಾತ್ರ ಎಲ್ಲರಿಗೂ ಸಾಹೇಬರೇ.

ಇಲ್ಲಿ ನನ್ನ ಗುಟ್ಟೊಂದನ್ನು ಹೇಳಿಬಿಡಬೇಕು. ಹೆಣ್ಣು ಕೊಡುವಾಗ ನನ್ನ ಹೆಂಡತಿಯ ತಂದೆ ಹಾಕಿದ್ದು ಒಂದೇ ಷರತ್ತು: ಹುಡುಗ ಕುಡಿಯಬಾರದು. ನಾನು ಎಲ್ಲರ ಮುಂದೆ ತಲೆ ಆಡಿಸಿದ್ದೆ. ಇಪ್ಪತ್ತೆರಡು ವರ್ಷದಿಂದ ಹೆಂಡತಿಯ ಕಣ್ಣಲ್ಲಿ ನಾನು ಕುಡಿಯದ ಗಂಡ. ಆದರೆ ಮಂಗಳವಾರ ಸಂಜೆ ಡೀಲರುಗಳ ಮೀಟಿಂಗ್ ಇರುತ್ತದೆ. ಮೀಟಿಂಗ್ ಅಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಗರ, ಕೋಟೆ, ನಾನು ಕುಡಿಯುತ್ತೇವೆ. ಸಾಹೇಬರು ಸೋಡಾ ಕುಡಿದು, ಕಡಲೆಬೀಜವನ್ನೆಲ್ಲ ಖಾಲಿ ಮಾಡಿ, ಕಾರಿನಲ್ಲಿ ನಮ್ಮನ್ನು ನಮ್ಮನಮ್ಮ ಊರಿಗೆ ಬಿಟ್ಟು ಹೋಗುತ್ತಾರೆ. ಮನೆಗೆ ಹೋಗುವ ಮೊದಲು ನಾನು ಅಂಗಡಿಗೆ ಹೋಗಿ ಕೀಟನಾಶಕದ ಡಬ್ಬಗಳ ಮಧ್ಯೆ ಹತ್ತು ನಿಮಿಷ ಕೂರುತ್ತೇನೆ. ಆ ವಾಸನೆಯ ಮುಂದೆ ಯಾವ ಬ್ರಾಂದಿಯ ವಾಸನೆಯೂ ನಿಲ್ಲುವುದಿಲ್ಲ.

ಹಡಗಿನ ಸುದ್ದಿ ಹೇಳಿದಾಗ ಹೆಂಡತಿ ಕೇಳಿದ್ದು ಒಂದೇ ವಸ್ತು. "ಅಲ್ಲಿ ಒಳ್ಳೆ ವೈನ್ ಸಿಗ್ತದಂತಲ್ಲ ರೀ?"

ನನ್ನ ಎದೆ ನಿಂತೇ ಹೋಯಿತು. "ಯಾಕೆ?" ಎಂದೆ.

"ಮಾವನ ಎಡೆಗೆ."

ನನ್ನ ಅಪ್ಪ ತೀರಿಕೊಂಡು ಎರಡು ವರ್ಷ. ಮಹಾಲಯದ ಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ, ಅವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದೆಲ್ಲ ಎಲೆಯ ಮುಂದೆ ಇರಬೇಕು. ಅಪ್ಪ ನನ್ನ ಹಾಗೆ ಕದ್ದು ಕುಡಿದವನಲ್ಲ, ರಾಜಾರೋಷವಾಗಿ ಕುಡಿದವನು. ಒಮ್ಮೆ ಕೊಡಗಿನ ಕಡೆ ಯಾರದೋ ಮದುವೆಗೆ ಹೋಗಿ, ಅಲ್ಲಿ ಕುಡಿದ ದ್ರಾಕ್ಷಿ ವೈನನ್ನು ಸಾಯುವವರೆಗೂ ಹೊಗಳುತ್ತಿದ್ದ. "ಹೋದ ವರ್ಷ ನಿಮ್ಮ ಚಿಕ್ಕಪ್ಪ ಯಾವುದೋ ಕ್ವಾರ್ಟರ್ ತಂದಿಟ್ರು. ನಂಗೆ ಮನಸ್ಸೇ ಒಪ್ಪಲಿಲ್ಲ. ಈ ಸಲ ಆ ಜೀವಕ್ಕೆ ಒಂದು ಒಳ್ಳೆ ವೈನ್ ಇಡಲೇಬೇಕು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಸೊಸೆಯಾದವಳು ಮಾವನನ್ನು ಇಷ್ಟು ನೆನೆಯುವುದು ಕಂಡು ನನಗೆ ನಿಜವಾಗಿ ಸಂತೋಷವಾಯಿತು. ಜೊತೆಗೆ, ಇವಳ ಪಕ್ಕ ನಿಂತು ವೈನ್ ಆರಿಸುವಾಗ ನನ್ನ ಇಪ್ಪತ್ತೆರಡು ವರ್ಷದ ನಾಟಕ ಎಲ್ಲಿ ಬಯಲಾಗುತ್ತದೋ ಎಂದು ಬೆವರೂ ಬಂತು.

ಅಷ್ಟರಲ್ಲಿ ಡೀಲರುಗಳ ವಾಟ್ಸಾಪ್ ಗ್ರೂಪಿಗೆ ಕಂಪನಿಯ ಆಫೀಸರ ಮೆಸೇಜು: "ಊಟ, ತಿಂಡಿ ಫ್ರೀ. ಡ್ರಿಂಕ್ಸ್ ಪ್ಯಾಕೇಜ್ ಬೇಕಾದವರು ಸ್ವಂತ ಖರ್ಚಿನಲ್ಲಿ ತೆಗೆದುಕೊಳ್ಳಬೇಕು." ಹೆಂಡತಿ ಅದನ್ನು ಓದಿ, "ನಮಗೆ ಬ್ಯಾಡ ಅಂತ ಹಾಕಿ. ನಿಮಗೆ ಅದರ ವಾಸನೇನೇ ಆಗಲ್ವಲ್ಲ" ಎಂದಳು. ನಾನು ಹಾಗೇ ಹಾಕಿದೆ. ಅವಳಿನ್ನೂ ಫೋನು ನೋಡುತ್ತಿದ್ದಾಗಲೇ ಗ್ರೂಪಿನಲ್ಲಿ ನಗರದವರ ಉತ್ತರ ಬಂತು: "ಯಾಕ್ಲಾ ಹುಣಸೂರು, ಮೈ ಉಷಾರಿಲ್ವಾ?"

೨. ಶುಂಠಿ ಟಾನಿಕ್ಕು

ಹೊರಗಿನ ಬಾಟಲಿಯನ್ನು ಹಡಗಿಗೆ ತರುವ ಹಾಗಿಲ್ಲ ಎಂದು ಆಫೀಸರು ಹತ್ತು ಸಲ ಹೇಳಿದ್ದರು. ಹತ್ತು ಸಲ ಹೇಳಿದ್ದರಿಂದಲೇ ಕೋಟೆಯವರಿಗೆ ತರಬೇಕು ಅನ್ನಿಸಿತು. ಅವರ ಅಂಗಡಿಗೆ ಶುಂಠಿ ಬೆಳೆಗೆ ಹೊಡೆಯುವ ಟಾನಿಕ್ಕಿನ ಖಾಲಿ ಬಾಟಲಿಗಳು ಬಂದಿದ್ದವು, ಗಿರಾಕಿಗಳಿಗೆ ಕಾಣುವಂತೆ ಮುಂದೆ ಜೋಡಿಸಿಡಲು. ಔಷಧಿ ತುಂಬದ, ಹೊಚ್ಚ ಹೊಸ ಬಾಟಲಿಗಳು. ಒಂದಕ್ಕೆ ರಮ್ ತುಂಬಿ, ಮುಚ್ಚಳ ಬಿಗಿದು, ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ಇಟ್ಟುಕೊಂಡು ಸಿಂಗಾಪುರದವರೆಗೂ ಬಂದರು.

ಹಡಗಿನ ಬಾಗಿಲಲ್ಲಿ ಸೂಟ್‌ಕೇಸು ಯಂತ್ರದೊಳಗೆ ಹೋಯಿತು. ಯಂತ್ರ ಕಿರುಚಿತು. ಕಾವಲಿನವನು ಬಾಟಲಿ ಎತ್ತಿ ನೋಡಿದ. ಒಂದು ಕಡೆ ಶುಂಠಿ ಗಿಡದ ಚಿತ್ರ, ಇನ್ನೊಂದು ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಿ ಎಂದು ಇಂಗ್ಲಿಷಿನಲ್ಲಿ ಕೆಂಪು ಅಕ್ಷರ. ಅವನ ಮುಖದ ಬಣ್ಣವೇ ಹೋಯಿತು. ಇನ್ನಿಬ್ಬರು ಓಡಿ ಬಂದರು. ಒಬ್ಬ ಕೈಗೆ ಗ್ಲೌಸು ಹಾಕಿಕೊಂಡ. ಸಾಲಿನಲ್ಲಿ ನಿಂತಿದ್ದವರೆಲ್ಲ ಹಿಂದಕ್ಕೆ ಸರಿದರು.

ನಮ್ಮ ಜೊತೆ ಬಂದಿದ್ದ ಆಫೀಸರು ಬಿಳಿಚಿಕೊಂಡು, "ವಿಷ ತಂದಿದೀರಾ ಅಂತ ಕೇಳ್ತಿದಾರೆ ಸರ್! ಪೊಲೀಸ್ ಕರೀತಾರಂತೆ!" ಎಂದರು.

"ಇಸವಾ? ಅಯ್ಯೋ ಸ್ವಾಮಿ, ಇಸ ಅಲ್ಲ ಕಣ್ರೀ!" ಎಂದು ಕೋಟೆಯವರು ಬಾಟಲಿ ಕಿತ್ತುಕೊಂಡು, ಮುಚ್ಚಳ ತೆಗೆದು, ಸಾಬೀತು ಮಾಡಲು ಗಟಗಟ ಕುಡಿಯತೊಡಗಿದರು. ಕಾವಲಿನವನು ಕೂಗಿಕೊಂಡ. ಯಾರೋ ಹೆಂಗಸು ಕಣ್ಣು ಮುಚ್ಚಿಕೊಂಡಳು. ಅರ್ಧ ಖಾಲಿ ಮಾಡಿ ಬಾಯಿ ಒರೆಸಿಕೊಂಡು ನಿಂತರು. ಇಷ್ಟು ಸಾಲದು ಎನ್ನುವ ಹಾಗೆ ಕಾವಲಿನವರು ನೋಡಿದ್ದರಿಂದ, ಉಳಿದರ್ಧವನ್ನೂ ಕುಡಿದು ತೋರಿಸಿದರು.

ಡಾಕ್ಟರು ಬಂದು ನಾಡಿ ಹಿಡಿದು, ಕಣ್ಣಿಗೆ ಬ್ಯಾಟರಿ ಬಿಟ್ಟು, ಬಾಯಿ ಮೂಸಿ ನೋಡಿ, ಮೂಗು ಮುಚ್ಚಿಕೊಂಡು ಹೋದರು. ಕೋಟೆಯವರ ಹೆಂಡತಿ ಸೂಟ್‌ಕೇಸು ಒಂದು ಕೈಯಲ್ಲಿ, ಗಂಡನನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹಡಗು ಹತ್ತಿದರು. ಒಳಗೆ ಪ್ಯಾಕೇಜಿನ ಹುಡುಗಿ ನಗುತ್ತಾ ಅವರ ಮುಂದೆ ಕಾರ್ಡು ಹಿಡಿದಳು. ಕೋಟೆಯವರು ಅವಳಿಗೆ ಎರಡೂ ಕೈ ಮುಗಿದು, "ನಂದು ಆಯ್ತು ಕಣವ್ವಾ" ಎಂದರು.

೩. ಲಿಂಕ್

ಪ್ಯಾಕೇಜಿನ ಕೌಂಟರಿನಲ್ಲಿ ನಗರದವರು ಅರ್ಧ ಗಂಟೆ ನಿಂತರು. ದೊಡ್ಡ ಪ್ಯಾಕೇಜಿನಲ್ಲಿ ಬಿಯರು, ವೈನು, ವಿಸ್ಕಿ ಎಲ್ಲ ಉಂಟು. ಸಣ್ಣದರಲ್ಲಿ ಬರೀ ಜ್ಯೂಸು, ಸೋಡಾ, ಕಾಫಿ. ಎರಡೂ ಬೇಡ ಎಂದರೆ ಗ್ಲಾಸಿಗಿಷ್ಟು, ಬಾಟಲಿಗಿಷ್ಟು. ಗ್ಲಾಸಿನ ರೇಟು ನೋಡಿ ನಗರದವರು ಎರಡು ಹೆಜ್ಜೆ ಹಿಂದೆ ಹೋದರು. "ಇಷ್ಟಕ್ಕೆ ನಮ್ಮೂರಲ್ಲಿ ಒಂದು ಮದ್ವೆ ಮನೆ ಗಂಡಸ್ರೆಲ್ಲಾ ಮಲೀಕತಾರೆ!" ಆಮೇಲೆ ಬೆರಳು ಮಡಿಚಿ ಲೆಕ್ಕ ಹಾಕಿದರು. "ದಿನಕ್ಕೆ ಆರು ಹೊಡುದ್ರೆ ಅಸಲು. ಏಳನೇದ್ರಿಂದ ಲಾಭ. ಹಾಕ್ರೀ ದೊಡ್ಡದು, ಒಂದು!"

ಹುಡುಗಿ ತಲೆ ಅಲ್ಲಾಡಿಸಿ ಏನೋ ಹೇಳಿದಳು. ಆಫೀಸರು ಕನ್ನಡಕ್ಕೆ ತಿರುಗಿಸಿದರು. "ಒಂದು ಕೊಡಲ್ವಂತೆ ಸರ್. ಒಂದು ರೂಮಲ್ಲಿ ಒಬ್ಬರು ದೊಡ್ಡ ಪ್ಯಾಕೇಜ್ ತಗೊಂಡ್ರೆ, ಜೊತೇಲಿರೋರೂ ತಗೋಬೇಕಂತೆ."

ನಗರದವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ನಮ್ಮೆಲ್ಲರ ಬಾಯಿಯೂ ಅಷ್ಟೇ. ಅವರ ಹೆಂಡತಿ ಮಜ್ಜಿಗೆ ಬಿಟ್ಟರೆ ಕಾಫಿ, ಕಾಫಿ ಬಿಟ್ಟರೆ ಮಜ್ಜಿಗೆ.

"ಲಿಂಕ್!" ಎಂದು ಕಿರುಚಿದರು ನಗರದವರು. "ಇದು ಲಿಂಕ್ ಕಣ್ಲಾ ಹುಣಸೂರು! ಹಾಡಹಗಲೇ ಲಿಂಕ್ ಮಾಡ್ತಾವ್ರೆ!"

ಯೂರಿಯಾಕ್ಕೆ ಜನ ಮುಗಿಬೀಳುವ ಕಾಲದಲ್ಲಿ, ಯೂರಿಯಾ ಬೇಕೆಂದರೆ ಜೊತೆಗೆ ಬೇಡದ ಇನ್ನೊಂದು ಡಬ್ಬವನ್ನೂ ತೆಗೆದುಕೊಳ್ಳಿ ಎಂದು ಮೇಲಿನವರು ನಮ್ಮ ತಲೆಗೆ ಕಟ್ಟುತ್ತಾರೆ. ನಾವು ಅದನ್ನು ರೈತರ ತಲೆಗೆ ಕಟ್ಟುತ್ತೇವೆ. ನಮ್ಮ ವ್ಯಾಪಾರದಲ್ಲಿ ಅದಕ್ಕೆ ಲಿಂಕ್ ಎನ್ನುವುದು. ಈ ಕಲೆಯಲ್ಲಿ ನಗರದವರನ್ನು ಮೀರಿಸಿದವರು ನಾಲ್ಕು ತಾಲ್ಲೂಕಿನಲ್ಲಿ ಇಲ್ಲ. ಅಂಥವರು ಕೌಂಟರಿಗೆ ಎದೆ ಒರಗಿಸಿ ಗೋಳಾಡಿದರು. "ನಂಗೆ ಬೇಕಾಗಿರೋದು ಒಂದು ಕಣವ್ವಾ. ಬ್ಯಾಡದ್ದ ನನ್ನ ತಲೆಗೆ ಯಾಕೆ ಕಟ್ತೀಯಾ? ಬಡವರ ಹೊಟ್ಟೆ ಮೇಲೆ ಹೊಡೀಬ್ಯಾಡ!" ಐದು ಉಂಗುರದ ಕೈ ಹೊಟ್ಟೆಯ ಮೇಲಿತ್ತು.

ಹುಡುಗಿ ನಗುತ್ತಲೇ ಉತ್ತರ ಕೊಟ್ಟಳು. ಆಫೀಸರು ಹೇಳಿದರು, "ರೂಲು ಮೇಲಿಂದ ಬಂದಿರೋದಂತೆ. ಅವಳ ಕೈಯಲ್ಲಿ ಏನೂ ಇಲ್ವಂತೆ. ತಗೊಂಡು ಹೋಗಿ, ಹೇಗೂ ಉಪಯೋಗಕ್ಕೆ ಬರುತ್ತೆ ಅಂತಾಳೆ."

ನಾವು ನಾಲ್ವರೂ ನೆಲ ನೋಡಿದೆವು. ಆ ಮಾತನ್ನು ನಾವು ಅಕ್ಷರ ಬಿಡದೆ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ನನಗಂತೂ ನಿಜವಾಗಿ ನಾಚಿಕೆಯಾಯಿತು. ನಗರದವರು ಎರಡಕ್ಕೂ ದುಡ್ಡು ಕಟ್ಟಿದರು.

"ನಿಮ್ಮದು ಸರ್?" ಎಂದು ಆಫೀಸರು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ನಮ್ಮೆಜಮಾನ್ರಿಗೆ ಅದರ ಗಾಳಿ ಸೋಕಿದ್ರೂ ತಲೆನೋವು" ಎಂದಳು. ಸಾಹೇಬರು ಗಡಿಬಿಡಿಯಲ್ಲಿ ಸಮುದ್ರ ನೋಡತೊಡಗಿದರು.

ಸಾಹೇಬರೂ ಅವರ ಬೀಬಿಯವರೂ ಸಣ್ಣ ಪ್ಯಾಕೇಜು ತೆಗೆದುಕೊಂಡು ಹಾಯಾಗಿದ್ದರು. ನಗರದವರು ಮೊದಲ ದಿನ ಎರಡನೇ ಗ್ಲಾಸು ಮುಗಿಸುವಷ್ಟರಲ್ಲಿ ಹಡಗು ಅಲ್ಲಾಡತೊಡಗಿ, ಹೊಟ್ಟೆ ತೊಳಸಿ, ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಅವರ ಹೆಂಡತಿ ಮಾತ್ರ ಕಟ್ಟಿದ ದುಡ್ಡು ಹಾಳಾಗಬಾರದೆಂದು ಬೆಳಗಾದರೆ ಕೌಂಟರಿಗೆ ಹಾಜರು. ಕಿತ್ತಳೆ, ಅನಾನಸ್ಸು, ಎಳನೀರು, ಮೇಲೆ ಪುಟ್ಟ ಛತ್ರಿ ಸಿಕ್ಕಿಸಿದ ಇನ್ನೇನೇನೋ. ಮೂರನೇ ದಿನ ಗಂಡನ ತಲೆಗೆ ಒದ್ದೆ ಬಟ್ಟೆ ಹಾಕುತ್ತಾ ಅವರು ಹೇಳಿದರಂತೆ: "ಅಸ್ಲು ಬಂದದೆ ಕಣ್ರೀ. ಈಗ ನಿಮ್ಮದ ವಸೂಲು ಮಾಡಕ್ಕೋಯ್ತಾ ಇವ್ನಿ."

೪. ಬಿರಡೆ

ಎರಡನೇ ದಿನ ಮಧ್ಯಾಹ್ನ ಊಟದ ಹಾಲಿನಲ್ಲಿ ಹೆಂಡತಿ ಬಾಟಲಿಗಳ ಪಟ್ಟಿ ತರಿಸಿದಳು. ದ್ರಾಕ್ಷಿಯ ಚಿತ್ರವಿದ್ದ ಒಂದನ್ನು ತೋರಿಸಿ, ಬೇಕು ಎಂದು ಸನ್ನೆ ಮಾಡಿದಳು. ರೇಟು ನೋಡಿ ನನಗೆ ತಲೆ ಸುತ್ತಿತು. "ಮಾವ ದಿನಾ ಬತ್ತಾರಾ? ವರ್ಷಕ್ಕೊಂದು ಸಲ" ಎಂದಳು. ನಾನು ಪಟ್ಟಿ ಮಡಚಿಟ್ಟೆ.

ಬಿಳಿ ಕೋಟು ಹಾಕಿದ ಬಡಿಸುವವನು ಬಾಟಲಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ತೋರಿಸಿದ. ಹೆಂಡತಿ ಭಕ್ತಿಯಿಂದ ತಲೆ ಆಡಿಸಿದಳು. ಪ್ಯಾಕ್ ಮಾಡಿ ಕೊಡುತ್ತಾನೆ ಎಂದು ಸೆರಗು ಸರಿಮಾಡಿಕೊಂಡು ಕೈ ಚಾಚಿದಳು. ಅವನು ಜೇಬಿನಿಂದ ಒಂದು ತಿರುಪು ತೆಗೆದು ಟಪ್ ಎಂದು ಬಿರಡೆ ಕಿತ್ತೇಬಿಟ್ಟ.

"ಅಯ್ಯೋ ಅಯ್ಯೋ ಅಯ್ಯೋ!" ಎಂದು ಅವಳು ಕಿರುಚಿದ್ದಕ್ಕೆ ಊಟದ ಹಾಲೆಲ್ಲ ನಮ್ಮ ಕಡೆ ತಿರುಗಿತು. ಅವನು ಗಾಬರಿಯಲ್ಲಿ, ಏನೋ ತಪ್ಪಾಯಿತೆಂದು, ನನ್ನ ಗ್ಲಾಸಿಗೆ ಒಂದು ಗುಟುಕು ಸುರಿದು ರುಚಿ ನೋಡಿ ಎಂದು ಸನ್ನೆ ಮಾಡಿದ.

"ಮುಟ್ಟಬ್ಯಾಡಿ! ಎಡೆಗೆ ಮೊದ್ಲೇ ಎಂಜಲು ಮಾಡ್ತೀರಾ?" ಎಂದು ಅವಳು ನನ್ನ ಕೈಗೆ ಹೊಡೆದಳು. ಹಿರಿಯರಿಗೆ ಇಡುವುದನ್ನು ಯಾರೂ ಮೂಸಿ ಕೂಡ ನೋಡಬಾರದು, ನಮ್ಮ ಮನೆಯ ಪದ್ಧತಿ ಹಾಗೆ. ಎಡೆಯ ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ನಾಲಿಗೆಗೆ ಹಚ್ಚಿಯೂ ನೋಡುವುದಿಲ್ಲ. ಬಿರಡೆ ಕಿತ್ತ ಬಾಟಲಿ ಅಪ್ಪನಿಗೆ ಸಲ್ಲುವುದಿಲ್ಲ ಎಂದಾಯಿತು.

ಹಾಗಾದರೆ ಯಾರಿಗೆ ಸಲ್ಲಬೇಕು? ಎರಡು ದಿನದಿಂದ ನಾಲಿಗೆ ಒಣಗಿ ಕೂತಿದ್ದ ಮಗನಿಗೆ ತಾನೆ? ನಾನು ಎಷ್ಟು ಸಾಧ್ಯವೋ ಅಷ್ಟು ಬೇಸರದ ಮುಖ ಮಾಡಿ, "ದುಡ್ಡು ಕೊಟ್ಟಾಗಿದೆ. ಸುಮ್ಮನೆ ಹಾಳು ಮಾಡೋದು..." ಎಂದು ಶುರು ಮಾಡಿದೆ.

"ಹೌದಲ್ವಾ" ಎಂದು ಹೆಂಡತಿ ಬಾಟಲಿ ಎತ್ತಿ, ರಮ್ಮಿನ ಮಂಪರು ಇಳಿದು ಪಕ್ಕದ ಮೇಜಿನಲ್ಲಿ ಅನ್ನ ಕಲೆಸುತ್ತಿದ್ದ ಕೋಟೆಯವರ ಮುಂದೆ ಇಟ್ಟು ಬಂದಳು. "ತಗಳಿ ಅಣ್ಣ, ನೀವಾದ್ರೂ ಕುಡೀತೀರಿ."

ಕೋಟೆಯವರು ನನ್ನ ಮುಖ ನೋಡಿದರು, ಬಾಟಲಿ ನೋಡಿದರು. ಗೆಳೆಯನಲ್ಲವೇ, ನನ್ನ ಸಂಕಟ ಅರ್ಥವಾಯಿತು. ಕಣ್ಣಲ್ಲಿ ನೀರು ತಂದುಕೊಂಡು ಕುಡಿದರು. ಆದರೆ ಪೂರ್ತಿ ಕುಡಿದರು.

ಸಾಹೇಬರು ಆಗ ನಮ್ಮ ಮೇಜಿಗೆ ಬಂದು ಕೂತರು. ಅವರು ಕುಡಿಯದಿದ್ದರೂ ಹಡಗಿನ ವ್ಯಾಪಾರದ ಒಳಗುಟ್ಟನ್ನೆಲ್ಲ ಆಗಲೇ ವಿಚಾರಿಸಿಟ್ಟಿದ್ದರು. "ತಂಗೀ, ಊಟದ ಮೇಜಲ್ಲಿ ತಗೊಂಡ್ರೆ ಅವರು ಬಿಚ್ಚೇ ಬಿಚ್ತಾರೆ. ಮೇಲಿನ ಅಂಗಡೀಲಿ ತಗೋಬೇಕು. ಅಲ್ಲಿ ಸೀಲ್ ಹಾಗೇ ಇರ್ತದೆ, ಇಳಿಯೋ ಮುಂಚೆ ಕೈಗೆ ಕೊಡ್ತಾರೆ. ತಗೊಳೋಕೆ ಮೊದಲು ಬೇರೆ ಬಾಟ್ಲಿಂದ ರುಚಿ ನೋಡೋಕೂ ಕರೀತಾರಂತೆ." ಆಮೇಲೆ ನನ್ನ ಕಡೆ ತಿರುಗಿ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ, "ನಿಮಗೆ ತಲೆನೋವು ಬರುತ್ತಲ್ಲ ಭಾಯ್, ನೀವು ಹೋಗಬೇಡಿ" ಎಂದರು.

೫. ಉಗಿಯುವ ಬಕೆಟ್ಟು

ಕೊನೆಯ ದಿನ ಬೆಳಗ್ಗೆ ಎಲ್ಲರೂ ಮೇಲಿನ ಅಂಗಡಿಗೆ ಹೋದೆವು. ನಗರದವರು ಕೂಡ ಗೋಡೆ ಹಿಡಿದುಕೊಂಡು ಬಂದರು. ಉದ್ದನೆಯ ಮೇಜು, ಮೇಲೆ ಹಾಲಿನಂಥ ಬಿಳಿ ಬಟ್ಟೆ, ಸಾಲಾಗಿ ಗ್ಲಾಸುಗಳು. ರುಚಿ ನೋಡುವ ಟಿಕೀಟು ಗಂಡ ಹೆಂಡತಿಗೆ ಸೇರಿಸಿಯೇ ಇತ್ತು. ನಮ್ಮ ಪಕ್ಕ ಒಬ್ಬ ಬಿಳಿಯ ಮುದುಕ ಗ್ಲಾಸನ್ನು ಗಿರಗಿರ ತಿರುಗಿಸಿ, ಮೂಗಿಟ್ಟು ಮೂಸಿ, ಬಾಯಿಗೆ ಹಾಕಿ ಗುಳಗುಳ ಮಾಡಿ, ಪಕ್ಕದ ಬೆಳ್ಳಿಯ ಬಕೆಟ್ಟಿಗೆ ಉಗಿದುಬಿಟ್ಟ.

ಕೋಟೆಯವರು ನನ್ನ ತೋಳು ಹಿಡಿದುಕೊಂಡರು. "ಉಗುದ್ನಲ್ಲೋ! ಅಷ್ಟು ದುಡ್ಡಿನದ್ನ ಉಗುದ್ಬುಟ್ನಲ್ಲೋ! ಎಲೆ ಅಡಿಕೆ ಅಂದ್ಕಂಡಿದನಾ?"

"ರೀ, ನೀವೇ ರುಚಿ ನೋಡಿ ಹೇಳಿ" ಎಂದಳು ಹೆಂಡತಿ.

"ನಾನಾ?"

"ಮಾವನಿಗೆ ಹುಳಿ ಆಗ್ತಿರ್ಲಿಲ್ಲ. ಅವರ ನಾಲಿಗೇನೇ ನಿಮಗೆ ಬಂದಿರೋದು. ಇದು ಬೇರೆ ಬಾಟ್ಲು, ಎಂಜಲಿನ ಮಾತಿಲ್ಲ. ಒಂಚೂರು ನಾಲಿಗೆಗೆ ತಾಗಿಸಿ ಉಗುದ್ಬುಡಿ. ಅಪ್ಪನಿಗೋಸ್ಕರ ಅಷ್ಟೂ ಮಾಡಲ್ವಾ?"

ನಾನು ಬೇಡವೇ ಬೇಡ ಎಂದೆ. ಮೂಗು ಮುಚ್ಚಿಕೊಂಡೆ. ಮುಖ ಕಿವಿಚಿದೆ. ಆಫೀಸರು ಕೂಡ ಪಾಪ ಎಂದರು. ಅಷ್ಟೆಲ್ಲ ನಾಟಕ ಮುಗಿಸಿ ಗ್ಲಾಸು ಎತ್ತಿಕೊಂಡೆ. ನಾಲ್ಕು ದಿನದ ಬರಗಾಲ. ಮನಸ್ಸು ಎಷ್ಟು ಹಿಡಿತದಲ್ಲಿದ್ದರೂ ಕೈ ತನ್ನ ಕೆಲಸ ತಾನು ಮಾಡಿಬಿಟ್ಟಿತು. ಮೊದಲ ಗುಟುಕಿಗೆ ಮುಂಚೆ, ಕುಡಿಯುವವರೆಲ್ಲ ಮಾಡುವ ಹಾಗೆ, ಬೆರಳನ್ನು ಗ್ಲಾಸಿಗೆ ಅದ್ದಿ, ನೆಲದ ಕಡೆ ಚಿಮುಕಿಸಿದೆ. ಒಂದು ಸಲ, ಎರಡು ಸಲ, ಮೂರು ಸಲ. ಬಿಳಿ ಬಟ್ಟೆಯ ಮೇಲೆ ಕೆಂಪಗೆ ಸಾಲಾಗಿ ಮೂರು ಚುಕ್ಕೆ. ಆಮೇಲೆ ಒಂದೇ ಗುಟುಕಿಗೆ ಇಳಿಸಿ, ಉಪ್ಪಿನಕಾಯಿಗೆ ಕೈ ಚಾಚಿದೆ. ಅಲ್ಲಿ ಉಪ್ಪಿನಕಾಯಿ ಇರಲಿಲ್ಲ.

ನಗರದವರು ಛಾವಣಿ ನೋಡಿದರು. ಕೋಟೆಯವರಿಗೆ ಕೆಮ್ಮು ಬಂತು. ಸಾಹೇಬರು ಬೀಬಿಯವರನ್ನು ಕರೆದುಕೊಂಡು ಚಾಕೊಲೇಟಿನ ಕಡೆ ಹೋದರು.

"ನೀವೂನಾ?" ಎಂದಳು ಹೆಂಡತಿ. ದನಿ ಬಹಳ ಸಣ್ಣಗಿತ್ತು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಲ್ಲಿ ಭೂಮಿಯೂ ಇರಲಿಲ್ಲ. "ಅಪ್ಪ ಮಾಡ್ತಿದ್ದದ್ದು ನೋಡಿ ನೋಡಿ, ಹಾಗೇ ಕೈಗೆ..." ಎಂದು ತೊದಲಿದೆ.

"ಮಾವ ಅಂಗೆ ಮಾಡ್ತಿರ್ಲಿಲ್ಲ" ಎಂದಳು. ತನ್ನ ಪಾಲಿನ ಗ್ಲಾಸು ಎತ್ತಿಕೊಂಡಳು. ಹಡಗಿನ ಕಿಟಕಿಯಲ್ಲಿ ಸೂರ್ಯ ಎಲ್ಲಿದ್ದಾನೆಂದು ನೋಡಿ ಅತ್ತ ತಿರುಗಿದಳು. ಉಂಗುರದ ಬೆರಳಿನ ತುದಿ ಮಾತ್ರ ಅದ್ದಿ, ಒಂದೇ ಸಲ, ಬಟ್ಟೆಗೆ ಒಂದು ಹನಿಯೂ ತಾಗದಂತೆ ಚಿಮುಕಿಸಿದಳು. ಗ್ಲಾಸು ಎತ್ತಿ ಸದ್ದಿಲ್ಲದೆ ಕುಡಿದು, ನಾಲಿಗೆ ಚಪ್ಪರಿಸಿ, "ಚಪ್ಪೆ. ಮಾವನಿಗೆ ಆಗಲ್ಲ" ಎಂದಳು. ಬಕೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ.

ಕೋಟೆಯವರ ಕೆಮ್ಮು ಟಕ್ಕನೆ ನಿಂತಿತು.

"ನಿನಗೆ... ನಿನಗೆ ಹೆಂಗೆ ಗೊತ್ತು?" ಎಂದೆ.

"ಮಾವನಿಗೆ ಒಬ್ಬರೇ ಕುಡಿಯೋಕೆ ಬೇಜಾರು ರೀ. ನೀವು ಇಲ್ಲದ ಸಾಯಂಕಾಲ ನಾನೇ ಜೊತೆ ಕೂತ್ಕೊತಿದ್ದೆ. ಒಂದು ಮುಚ್ಚಳದಿಂದ ಶುರುವಾಗಿದ್ದು" ಎಂದಳು, ಸಕ್ಕರೆ ಸಾಲ ಕೊಟ್ಟ ಸುದ್ದಿ ಹೇಳುವಷ್ಟೇ ಸಲೀಸಾಗಿ. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಂಗಡಿಯವಳ ಕಡೆ ತಿರುಗಿ, ಇನ್ನೆರಡು ಬಗೆ ರುಚಿ ನೋಡಿ, ಮೂರನೆಯದಕ್ಕೆ ತಲೆ ಆಡಿಸಿದಳು. ಎರಡು ಬೆರಳು ಎತ್ತಿ ತೋರಿಸಿದಳು. "ಇದು ಕೊಡಮ್ಮಾ. ಎರಡು. ಸೀಲ್ ಬಿಚ್ಚಬ್ಯಾಡ."

"ಎರಡು ಯಾಕೆ? ಅಪ್ಪನಿಗೆ ಒಂದು ಸಾಕಲ್ಲ."

"ಇನ್ನೊಂದು ಅತ್ತೆಗೆ."

ನನ್ನ ಅಮ್ಮನಿಗೆ ಎಪ್ಪತ್ತಾರು. ಶನಿವಾರ ಒಪ್ಪೊತ್ತು. ಕಾಲು ತೊಳೆಯದೆ ಮಗನನ್ನೂ ಒಳಕ್ಕೆ ಬಿಟ್ಟುಕೊಳ್ಳದ ಹೆಂಗಸು. ನಾನು ಮೇಜು ಹಿಡಿದುಕೊಂಡೆ. "ಅಮ್ಮಾನಾ?"

"ಮತ್ತೆ ನಮಗೆ ಅಳತೆ ಹಾಕಿ ಕೊಡ್ತಿದ್ದೋರು ಯಾರು ಅಂದ್ಕೊಂಡ್ರಿ? ಮೂರು ಲೋಟಕ್ಕೂ ಒಂದೇ ಸಮ ಹಾಕೋರು" ಎಂದಳು. "ನಿಮ್ಮನ್ನೂ ಕರೀಬೇಕು ಅಂತ ನಂಗೆ ಎಷ್ಟೋ ಸಲ ಅನ್ನಿಸ್ತು ರೀ. ಅತ್ತೇನೇ ಬಿಡಲಿಲ್ಲ. 'ಈ ಮನೇಲಿ ಅವನೊಬ್ಬನಾದ್ರೂ ಕುಡೀದಂಗೆ ಅವ್ನೆ, ಗೊತ್ತಾದ್ರೆ ಎದೆ ಒಡ್ಕೋತಾನೆ, ಬುಡು' ಅಂದ್ರು."